ಒಂದು ಬಸ್ಸಿನಷ್ಟು ದೂರ

ಈ ಸಲದ ಬೇಸಿಗೆ ರಜೆ ಮುಗಿಸಿ ಬಂದಾಗ ತರಗತಿಯಲ್ಲಿ ನನ್ನ ಮೊಬೈಲ್ ಫೋಟೊ ಒಂದನ್ನು ಎಲ್ಲರಿಗೂ ತೋರಿಸಿದ್ದೆ. ಫೋಟೊದ ತುಂಬ ಮರಳು, ಅದರಾಚೆ ಸಮುದ್ರ, ನಡುವೆ ಹುರುಳಿಕಾಳಿನಷ್ಟು ದೊಡ್ಡದಾದ ಎರಡು ಕಂದು ಚುಕ್ಕೆಗಳು. "ಇದೇನು, ನಾಯಿಯಾ?" ಎಂದು ಕೇಳಿದವರೇ ಹೆಚ್ಚು. ಅವು ಕಾಡು ಕುದುರೆಗಳು ಎಂದಾಗ ಒಬ್ಬ ಗೆಳೆಯ ನಕ್ಕುಬಿಟ್ಟ. "ಅಮೆರಿಕದವರೆಗೆ ಹೋದವರಿಗೆ ಇನ್ನು ಹತ್ತು ಹೆಜ್ಜೆ ಮುಂದೆ ಹೋಗೋಕಾಗಲಿಲ್ಲವಾ?" ಎಂದ.

ಹೋಗಿದ್ದೆ. ಹತ್ತಿರಕ್ಕೇ ಹೋಗಿದ್ದೆ. ಆ ವಿಷಯವನ್ನು ಅಂದು ಹೇಳಲು ನಾಚಿಕೆಯಾಯಿತು. ನಮ್ಮ ವಾರ್ತಾಪತ್ರಕ್ಕೆ ಏನಾದರೂ ಬರೆದುಕೊಡಿ ಎಂದು ಕನ್ನಡ ಮೇಡಂ ಕೇಳಿದಾಗ, ಅದನ್ನೇ ಬರೆಯುವುದು ಸರಿ ಎನಿಸಿತು. ಕಾಡುಪ್ರಾಣಿಯನ್ನು ನೋಡುವುದು ಎಂದರೇನು ಎಂಬ ಬಗ್ಗೆ ನನ್ನ ಅಭಿಪ್ರಾಯ ಬದಲಾದದ್ದು ಅಲ್ಲೇ.

ನನ್ನ ಮಾಮು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಕೆಲಸದಲ್ಲಿದ್ದಾರೆ. ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಅಮ್ಮಿಯ ಜೊತೆ ನಾನೂ ಅವರ ಮನೆಗೆ ಹೋಗಿದ್ದೆ. ಒಂದು ಶನಿವಾರ ಮುಂಜಾನೆ ಫಜ್ರ್ ಮುಗಿಸಿ ಎಲ್ಲರೂ ಕಾರಿನಲ್ಲಿ ಹೊರಟೆವು. ಚೆಸಪೀಕ್ ಕೊಲ್ಲಿಯ ಉದ್ದ ಸೇತುವೆ ದಾಟಿ, ಹೊಲಗಳ ನಡುವೆ ಸಾಗಿ, ಸುಮಾರು ಮೂರು ಗಂಟೆಯ ಪ್ರಯಾಣದ ನಂತರ ಅಸಾಟೀಗ್ ಎಂಬ ದ್ವೀಪಕ್ಕೆ ಬಂದೆವು.

ಅಸಾಟೀಗ್ ಅಟ್ಲಾಂಟಿಕ್ ಸಮುದ್ರದ ಅಂಚಿನಲ್ಲಿರುವ ಕಿರಿದಾದ, ಉದ್ದವಾದ ಮರಳಿನ ದ್ವೀಪ. ಉದ್ದ ಸುಮಾರು 60 ಕಿಲೋಮೀಟರ್. ಒಂದು ಬದಿಯಲ್ಲಿ ತೆರೆಗಳು ಅಪ್ಪಳಿಸುವ ಬೀಚ್, ಇನ್ನೊಂದು ಬದಿಯಲ್ಲಿ ನಿಂತ ಉಪ್ಪುನೀರು ಮತ್ತು ಜವುಗು ಹುಲ್ಲುಗಾವಲು. 1933ರಲ್ಲಿ ಬಂದ ಚಂಡಮಾರುತ ಇದರ ಉತ್ತರ ತುದಿಯನ್ನು ಸೀಳಿ, ಪಕ್ಕದ ಓಷನ್ ಸಿಟಿ ಎಂಬ ಪಟ್ಟಣದಿಂದ ಬೇರ್ಪಡಿಸಿತು. ಆಮೇಲೆ ಇಲ್ಲೂ ಸೈಟುಗಳನ್ನು ಮಾಡಿ, ರಸ್ತೆ ಹಾಕಿ, ಮನೆ ಕಟ್ಟಿ ಮಾರುವ ಯೋಜನೆ ಶುರುವಾಗಿತ್ತು. 1962ರ ಮಾರ್ಚಿನಲ್ಲಿ ಬಂದ ಭಾರಿ ಬಿರುಗಾಳಿ ಅದನ್ನೆಲ್ಲ ತೊಳೆದುಹಾಕಿತು. 1965ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಕಡಲತೀರವೆಂದು ಘೋಷಿಸಿತು. ಆ ಹಳೆಯ ಡಾಂಬರು ರಸ್ತೆಯ ತುಂಡುಗಳು ಮರಳಿನಲ್ಲಿ ಈಗಲೂ ಕಾಣಿಸುತ್ತವೆ. ಮನುಷ್ಯರ ಮನೆ ಏಳಬೇಕಿದ್ದ ಜಾಗದಲ್ಲಿ ಇಂದು ಕುದುರೆಗಳು ಮೇಯುತ್ತವೆ.

ಈ ಕುದುರೆಗಳು ಅಲ್ಲಿಗೆ ಬಂದದ್ದು ಹೇಗೆ? ಸ್ಪೇನಿನ ಹಡಗೊಂದು ಒಡೆದು ಮುಳುಗಿದಾಗ ಈಜಿ ದಡ ಸೇರಿದ ಕುದುರೆಗಳ ಸಂತತಿ ಎಂಬುದು ಅಲ್ಲಿನ ಜನ ಹೇಳುವ ಕಥೆ. 17ನೇ ಶತಮಾನದಲ್ಲಿ ಬೇಲಿಯ ಕಾನೂನು ಮತ್ತು ತೆರಿಗೆಯಿಂದ ತಪ್ಪಿಸಿಕೊಳ್ಳಲು ರೈತರು ತಮ್ಮ ಸಾಕುಪ್ರಾಣಿಗಳನ್ನು ದ್ವೀಪಕ್ಕೆ ತಂದು ಬಿಟ್ಟರು, ಅವುಗಳ ಮರಿಮಕ್ಕಳೇ ಇವು ಎಂಬುದು ಇನ್ನೊಂದು ವಾದ. 2022ರಲ್ಲಿ ಒಂದು ಸ್ವಾರಸ್ಯದ ಸುದ್ದಿ ಬಂತು. ಕೆರಿಬಿಯನ್ನಿನ ಹೈಟಿಯಲ್ಲಿ ಸ್ಪೇನಿನವರ ಹಳೆಯ ಊರೊಂದನ್ನು ಅಗೆದಾಗ ಸಿಕ್ಕಿದ್ದ 16ನೇ ಶತಮಾನದ ಹಲ್ಲೊಂದನ್ನು ಮೊದಲು ಹಸುವಿನದೆಂದು ತಿಳಿದಿದ್ದರು. ಡಿಎನ್‌ಎ ಪರೀಕ್ಷೆ ಮಾಡಿದಾಗ ಅದು ಕುದುರೆಯ ಹಲ್ಲು, ಈಗಿನ ತಳಿಗಳಲ್ಲಿ ಅದಕ್ಕೆ ಹತ್ತಿರದ್ದು ಇದೇ ದ್ವೀಪದ ಕುದುರೆಗಳು ಎಂದು ತಿಳಿಯಿತು. ಹಾಗಾಗಿ ಹಡಗಿನ ಕಥೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಈಗ ನನ್ನ ವಿಷಯ. ನಮ್ಮ ಮನೆಯಲ್ಲಿ ಕುದುರೆ ಹೊಸದಲ್ಲ. ದಾದಾ ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ಜಟಕಾ ಓಡಿಸಿದವರು. ನಾನು ಹುಟ್ಟುವ ಹೊತ್ತಿಗೆ ಜಟಕಾ ಮಾರಿಯಾಗಿತ್ತು, ಆದರೆ ಲಗಾಮು, ಕಣ್ಣಪಟ್ಟಿ, ಒಂದು ಹಳೆಯ ಲಾಳ ಈಗಲೂ ನಮ್ಮ ಅಟ್ಟದ ಮೇಲಿವೆ. ಕುದುರೆಯ ಹಿಂದೆ ನಿಲ್ಲಬಾರದು, ಕಿವಿ ಹಿಂದಕ್ಕೆ ಮಲಗಿಸಿದರೆ ಕೋಪ ಬಂದಿದೆ ಎಂದರ್ಥ, ನಾಲಿಗೆಯಲ್ಲಿ ಟಕ್ ಟಕ್ ಮಾಡಿದರೆ ಬರುತ್ತದೆ, ಇವೆಲ್ಲ ದಾದಾ ಹೇಳಿಕೊಟ್ಟಿದ್ದ ಪಾಠಗಳು. ಆದ್ದರಿಂದ ಅಸಾಟೀಗ್‌ನ ಸೇತುವೆಯ ಬಳಿ "ಕುದುರೆಗಳಿಂದ ಕನಿಷ್ಠ 40 ಅಡಿ ದೂರ ಇರಿ, ಮುಟ್ಟಬೇಡಿ, ತಿನ್ನಿಸಬೇಡಿ" ಎಂಬ ಸೂಚನೆ ಓದಿದಾಗ ನನಗೆ ಅನಿಸಿದ್ದು ಇಷ್ಟೇ: ಇದು ಕುದುರೆ ಕಂಡರಿಯದವರಿಗೆ ಹಾಕಿದ ಬೋರ್ಡು, ನನಗಲ್ಲ.

40 ಅಡಿ ಎಂದರೆ ಒಂದು ಬಸ್ಸಿನ ಉದ್ದ ಎಂದು ಅಲ್ಲಿ ವಿವರಿಸುತ್ತಾರೆ. ಬೀಚಿಗೆ ಹೋಗುವ ದಾರಿಯಲ್ಲಿ ಎರಡು ಕುದುರೆಗಳು ನಿಂತಿದ್ದವು. ನಾವು ಕ್ಯಾಲೆಂಡರಿನಲ್ಲಿ ನೋಡುವ ಎತ್ತರದ ಕುದುರೆಗಳಲ್ಲ. ಗಿಡ್ಡ ಕಾಲು, ದಪ್ಪ ಹೊಟ್ಟೆ, ಗಾಳಿಗೆ ಹಾರುವ ಕೆದರಿದ ಕೇಸರ. ನಾವು ಸುಮಾರು ಒಂದು ಬಸ್ಸಿನಷ್ಟು ದೂರದಲ್ಲಿದ್ದೆವು. ನನ್ನ ಚೀಲದಲ್ಲಿ ಒಂದು ಸೇಬು ಇತ್ತು. ಮಾಮು ಕಾರಿನಿಂದ ಚಾಪೆ ತೆಗೆಯುತ್ತಿದ್ದರು. ಮಾಮುವಿನ ಏಳು ವರ್ಷದ ಮಗ ನನ್ನ ಕೈ ಹಿಡಿದಿದ್ದ. "ನೋಡು, ಈಗ ಕರೀತೀನಿ" ಎಂದು ಅವನಿಗೆ ಹೇಳಿ, ಸೇಬು ಹಿಡಿದು ನಾಲಿಗೆಯಲ್ಲಿ ಟಕ್ ಟಕ್ ಮಾಡುತ್ತ ಮುಂದೆ ನಡೆದೆ.

ಒಂದು ಕುದುರೆ ತಲೆ ಎತ್ತಿತು. ನೆಟ್ಟಗೆ ನನ್ನ ಕಡೆಗೇ ಬಂತು. ಆ ಕ್ಷಣದಲ್ಲಿ ನನಗಾದ ಖುಷಿಯನ್ನು ಸುಳ್ಳು ಹೇಳದೆ ಬರೆಯುತ್ತೇನೆ: ದಾದಾನ ರಕ್ತ ನನ್ನಲ್ಲಿದೆ, ಅದು ಕುದುರೆಗೂ ಗೊತ್ತಾಗಿದೆ ಎಂದೇ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ಧ್ವನಿ ಕೇಳಿತು. "ಸೇಬನ್ನು ಚೀಲಕ್ಕೆ ಹಾಕಿ, ಮಗುವನ್ನು ಹಿಂದೆ ಕರೆದುಕೊಳ್ಳಿ, ಓಡಬೇಡಿ." ಚೀಲಕ್ಕೆ ಹಾಕುವಷ್ಟರಲ್ಲಿ ಕುದುರೆ ಮೈಮೇಲೆ ಬಂದಂತೆ ಬಂದಿತ್ತು. ಚೀಲಕ್ಕೆ ಮೂತಿ ಹಾಕಿ ಎಳೆಯಿತು. ನಾನು ಬಿಡದೆ ಹಿಡಿದಾಗ ಕಿವಿ ಎರಡೂ ಹಿಂದಕ್ಕೆ ಮಲಗಿದವು. ಹುಡುಗ ನನ್ನ ಕಾಲಿಗೆ ಅಂಟಿಕೊಂಡು ಅಳುತ್ತಿದ್ದ. ಆ ಹೆಂಗಸು ಬಂದು ಅವನನ್ನು ಎತ್ತಿಕೊಂಡರು. ನಾನು ಚೀಲ ಬಿಟ್ಟೆ. ಪಟ್ಟಿ ಹರಿದು, ಸೇಬು ಮರಳಿಗೆ ಬಿತ್ತು. ಕುದುರೆ ಅದನ್ನು ತಿಂದು, ಇನ್ನೂ ಇದೆಯೇ ಎಂದು ಚೀಲವನ್ನು ತುಳಿದು ನೋಡಿ, ಹೋಯಿತು. ಯಾರಿಗೂ ಏಟಾಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಆಗಬಹುದಿತ್ತು. ಏಳು ವರ್ಷದ ಮಗು ಕುದುರೆಯ ಕಾಲಿನಿಂದ ಎರಡು ಹೆಜ್ಜೆ ದೂರದಲ್ಲಿತ್ತು.

ಅಲ್ಲಿ 'ಪೋನಿ ಪ್ಯಾಟ್ರೋಲ್' ಎಂಬ ಸ್ವಯಂಸೇವಕರಿದ್ದಾರೆ. ಕುದುರೆ ಮತ್ತು ಜನರ ನಡುವೆ ದೂರ ಕಾಯುವುದು ಅವರ ಕೆಲಸ. ಈ ಹೆಂಗಸು ಅವರಲ್ಲೊಬ್ಬರು, ನಮ್ಮ ನಾನಿಯ ವಯಸ್ಸಿನವರು. ಬೈಯಲಿಲ್ಲ. "ಅದು ನಿಮ್ಮ ಹತ್ತಿರ ಯಾಕೆ ಬಂತು ಗೊತ್ತಾ?" ಎಂದು ಮಾತ್ರ ಕೇಳಿದರು. ನಾನು ಸುಮ್ಮನಿದ್ದೆ. "ನಿಮಗಿಂತ ಮುಂಚೆ ಇನ್ಯಾರೋ ಕೊಟ್ಟಿದ್ದಾರೆ, ಅದಕ್ಕೆ" ಎಂದರು.

ಅವರ ಮಾತು ನನಗೆ ಪೂರ್ತಿ ಅರ್ಥವಾದದ್ದು ಆ ರಾತ್ರಿ ಈ ಬಗ್ಗೆ ಓದಿದಾಗ. ಆ ದ್ವೀಪದ ಕುದುರೆಗಳ ಮುಖ್ಯ ಆಹಾರ ಜವುಗಿನಲ್ಲಿ ಬೆಳೆಯುವ ಒರಟಾದ ಉಪ್ಪು ಹುಲ್ಲು. ತಿನ್ನುವ ಹುಲ್ಲಿನಲ್ಲೇ ಉಪ್ಪು ಇರುವುದರಿಂದ ಅವು ಸಾಮಾನ್ಯ ಕುದುರೆಗಳಿಗಿಂತ ಸುಮಾರು ಎರಡು ಪಟ್ಟು ನೀರು ಕುಡಿಯುತ್ತವೆ. ಹೊಟ್ಟೆ ಊದಿಕೊಂಡಂತೆ ಕಾಣುವುದು ಅದಕ್ಕೇ. ತಲೆಮಾರುಗಳಿಂದ ಈ ಬಡ ಮೇವಿಗೆ ಹೊಂದಿಕೊಂಡ ಹೊಟ್ಟೆ ಅದು. ಇನ್ನೊಂದು ವಿಷಯ: ಕುದುರೆ ತಿಂದದ್ದನ್ನು ವಾಂತಿ ಮಾಡಲಾರದು. ತಪ್ಪು ಆಹಾರ ಒಳಗೆ ಹೋದರೆ ಹೊರಗೆ ಹಾಕುವ ದಾರಿಯೇ ಇಲ್ಲ. ಇಲ್ಲಿಂದ ದಕ್ಷಿಣಕ್ಕೆ, ಉತ್ತರ ಕೆರೊಲಿನಾ ರಾಜ್ಯದ ಕೊರೊಲಾ ಬೀಚಿನಲ್ಲೂ ಇಂಥದೇ ಕಾಡು ಕುದುರೆಗಳಿವೆ. ಅಲ್ಲಿನ ಕಾನೂನಿನ ಪ್ರಕಾರ 50 ಅಡಿ ದೂರ ಇರಬೇಕು. 2020ರ ಬೇಸಿಗೆಯಲ್ಲಿ ಅಲ್ಲಿ ಒಂದು ಗಂಡು ಮರಿ ಸೇಬು ಗಂಟಲಿಗೆ ಸಿಕ್ಕಿ ಸತ್ತುಹೋಯಿತು. ಸೇಬು. ನನ್ನ ಚೀಲದಲ್ಲಿದ್ದದ್ದೂ ಅದೇ.

ಸಾಯದಿದ್ದರೂ ಶಿಕ್ಷೆ ತಪ್ಪುವುದಿಲ್ಲ. ಅಸಾಟೀಗ್‌ನಲ್ಲಿ ಚಿಪ್ ಎಂದು ಜನ ಕರೆಯುತ್ತಿದ್ದ ಒಂದು ಗಂಡು ಕುದುರೆ ಇತ್ತು. ಪ್ರವಾಸಿಗರ ತಿಂಡಿಯ ರುಚಿ ಹತ್ತಿ, ಟೆಂಟುಗಳಿಗೆ ನುಗ್ಗುವುದು, ಅಡ್ಡ ಬಂದವರ ಮೇಲೆ ಎಗರುವುದು ಅದಕ್ಕೆ ಅಭ್ಯಾಸವಾಯಿತು. ಕೊನೆಗೆ 2022ರಲ್ಲಿ ಅದನ್ನು ಹಿಡಿದು, ಹುಟ್ಟಿದ ದ್ವೀಪದಿಂದ ದೂರದ ಟೆಕ್ಸಾಸಿನ ಒಂದು ಪ್ರಾಣಿಧಾಮಕ್ಕೆ ಸಾಗಿಸಿದರು. ತಿಂಡಿ ಕೊಟ್ಟವರು ಫೋಟೊ ತೆಗೆದುಕೊಂಡು ಮನೆಗೆ ಹೋದರು. ಗಡೀಪಾರಾದದ್ದು ಕುದುರೆ.

ಇಲ್ಲಿ ನಮ್ಮಂಥವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ನನಗೂ ಎದ್ದಿತು. ಪ್ರಾಣಿಗೆ ಉಣಿಸುವುದು ಸವಾಬ್ ಎಂದು ತಾನೇ ನಾವು ಕಲಿತದ್ದು? ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟ ಮನುಷ್ಯನ ಹದೀಸ್ ನಾವೆಲ್ಲ ಮದರಸಾದಲ್ಲಿ ಕೇಳಿದ್ದೇವೆ. ಹಾಗಿರುವಾಗ ಒಂದು ಸೇಬು ಕೊಟ್ಟರೆ ತಪ್ಪೇ? ತುಂಬ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇದು. ಆ ನಾಯಿಗೆ ಬಾಯಾರಿಕೆಯಾಗಿತ್ತು. ಆ ಮನುಷ್ಯ ಅದರ ಸಂಕಟ ನೋಡಿದ, ಅದಕ್ಕೆ ಬೇಕಾದ್ದನ್ನೇ ಕೊಟ್ಟ. ನನ್ನ ಕುದುರೆಗೆ ಹಸಿವಿರಲಿಲ್ಲ. ಹಸಿವಿದ್ದದ್ದು ನನಗೆ. ಅದು ನನ್ನ ಹತ್ತಿರ ಬರಬೇಕು, ತಮ್ಮ ನೋಡಬೇಕು, ಮಾಮು ಫೋಟೊ ತೆಗೆಯಬೇಕು, ಊರಿಗೆ ಹೋಗಿ ತೋರಿಸಬೇಕು ಎಂಬ ಹಸಿವು. ಅದನ್ನು ದಯೆ ಎಂದು ಕರೆದರೆ ದಯೆ ಎಂಬ ಮಾತಿಗೇ ಅವಮಾನ.

ಮಾರನೇ ದಿನ ದಾದಾಗೆ ಫೋನ್ ಮಾಡಿದೆ. ದಾದಾ ನನ್ನ ಪರ ಮಾತಾಡುತ್ತಾರೆ, "ಆ ಬಿಳಿಯರಿಗೇನು ಗೊತ್ತು" ಎನ್ನುತ್ತಾರೆ ಎಂಬ ಆಸೆ ಒಳಗೊಳಗೇ ಇತ್ತು. ದಾದಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಟಾ, ಶೇರು ಹೇಗೆ ಸತ್ತ ಅಂತ ನಿನಗೆ ಹೇಳಿದ್ದೀನಾ?" ಎಂದು ಕೇಳಿದರು.

ಶೇರು ದಾದಾನ ಕೊನೆಯ ಕುದುರೆ. ವಯಸ್ಸಾಗಿ ಸತ್ತಿತು ಎಂದೇ ನಾವು ತಿಳಿದಿದ್ದೆವು. ಹಾಗಲ್ಲವಂತೆ. ಒಂದು ಮದುವೆ ಮನೆಯ ಮುಂದೆ ಜಟಕಾ ನಿಲ್ಲಿಸಿ ದಾದಾ ನಮಾಜಿಗೆ ಹೋಗಿದ್ದರು. ಅಲ್ಲಿದ್ದ ಮಕ್ಕಳು ಪ್ರೀತಿಯಿಂದ, ಒಂದು ಪರಾತದ ತುಂಬ ಉಳಿದ ಅನ್ನ, ಅದರ ಮೇಲೆ ಜರ್ದಾ ಸುರಿದು ಶೇರುವಿನ ಮುಂದಿಟ್ಟರು. ಅದು ಪೂರ್ತಿ ತಿಂದಿತು. ರಾತ್ರಿ ಹೊಟ್ಟೆನೋವು ಶುರುವಾಯಿತು. ದಾದಾ ಬೆಳಗಿನವರೆಗೂ ಲಗಾಮು ಹಿಡಿದು ಬೀದಿಯಲ್ಲಿ ಅದನ್ನು ನಡೆಸಿದರು. ಡಾಕ್ಟರು ಬರುವಷ್ಟರಲ್ಲಿ ಮಲಗಿಬಿಟ್ಟಿತ್ತು. "ಮಕ್ಕಳನ್ನು ಬೈಯಲಿಲ್ಲ. ಅವರಿಗೆ ಅದರ ಮೇಲೆ ಪ್ರೀತಿ ಇತ್ತು. ಆದರೆ ಕೇಳಲಿಲ್ಲ, ಇದು ಏನು ತಿನ್ನುತ್ತೆ ಅಂತ ಒಬ್ಬರೂ ಕೇಳಲಿಲ್ಲ" ಎಂದರು ದಾದಾ. ಇಷ್ಟು ಹೇಳಿ, "ಆ ಅಮ್ಮ ನಿನಗೆ ಸರಿಯಾಗೇ ಹೇಳಿದ್ದಾರೆ" ಎಂದು ಫೋನ್ ಇಟ್ಟರು.

ಇನ್ನೊಂದು ವಾದವನ್ನೂ ನಮ್ಮ ತರಗತಿಯವರೇ ಎತ್ತಿದರು. ಒಂದು ಕಾಲದ ಸಾಕು ಕುದುರೆಗಳ ಸಂತತಿ ತಾನೇ ಅವು, ಅವನ್ನು ಕಾಡುಪ್ರಾಣಿ ಎಂದು ಯಾಕೆ ಕರೆಯಬೇಕು? ಮೇಲಾಗಿ ಅಲ್ಲಿನವರೂ ಅವುಗಳ ಬದುಕಿನಲ್ಲಿ ಕೈಹಾಕುತ್ತಾರಲ್ಲ? ಇದು ಸುಳ್ಳಲ್ಲ. ಆ ದ್ವೀಪ ಎರಡು ರಾಜ್ಯಗಳಿಗೆ ಸೇರಿದೆ, ಗಡಿಯಲ್ಲಿ ಬೇಲಿ ಇದೆ, ಕುದುರೆಗಳೂ ಎರಡು ಹಿಂಡುಗಳಾಗಿವೆ. ದಕ್ಷಿಣದ ವರ್ಜೀನಿಯಾ ಕಡೆಯ ಹಿಂಡು ಚಿಂಕೊಟೀಗ್ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ್ದು. ಅವರು ಪ್ರತಿ ವರ್ಷ ಜುಲೈ ತಿಂಗಳ ಕೊನೆಯ ಬುಧವಾರ ಕುದುರೆಗಳನ್ನು ಕಾಲುವೆ ಈಜಿಸಿ ಪಕ್ಕದ ದ್ವೀಪಕ್ಕೆ ತಂದು, ಮರುದಿನ ಮರಿಗಳನ್ನು ಹರಾಜು ಹಾಕುತ್ತಾರೆ. 1925ರಿಂದ ನಡೆದುಬಂದಿರುವ ಪದ್ಧತಿ ಇದು. ಆ ಹಣದಲ್ಲಿ ಅಗ್ನಿಶಾಮಕ ದಳವೂ ನಡೆಯುತ್ತದೆ, ಕುದುರೆಗಳ ಚಿಕಿತ್ಸೆಯೂ ಆಗುತ್ತದೆ, ಹಿಂಡು 150ಕ್ಕಿಂತ ಹೆಚ್ಚಾಗದಂತೆಯೂ ಆಗುತ್ತದೆ. ನಾವು ಹೋಗಿದ್ದ ಮೇರಿಲ್ಯಾಂಡ್ ಕಡೆ ಹರಾಜಿಲ್ಲ. ಹಿಂಡನ್ನು 80ರಿಂದ 100ರ ಒಳಗೆ ಇಡಲು ಅಲ್ಲಿ 1994ರಲ್ಲಿ ಹೆಣ್ಣು ಕುದುರೆಗಳಿಗೆ ದೂರದಿಂದಲೇ ಗರ್ಭನಿರೋಧಕ ಲಸಿಕೆಯ ಸೂಜಿ ಹಾರಿಸುವುದನ್ನು ಶುರುಮಾಡಿದರು. ಸಂಖ್ಯೆ ಮಿತಿ ಮೀರಿದರೆ ಮರಳು ದಿಬ್ಬವನ್ನು ಹಿಡಿದು ನಿಲ್ಲಿಸುವ ಹುಲ್ಲನ್ನೆಲ್ಲ ಅವು ಮೇದುಬಿಡುತ್ತವೆ, ಆಗ ದ್ವೀಪವೇ ಸವೆಯುತ್ತದೆ. ಪದೇ ಪದೇ ಮರಿ ಹಾಕುವ ಶ್ರಮ ತಪ್ಪಿದ್ದರಿಂದ ಹೆಣ್ಣು ಕುದುರೆಗಳು ಮೊದಲಿಗಿಂತ ಹೆಚ್ಚು ವರ್ಷ ಬದುಕುತ್ತಿವೆ ಎಂಬುದೂ ಕಂಡುಬಂದಿದೆ.

ಹೌದು, ಇದೂ ಕೈಹಾಕುವುದೇ. ಆದರೆ ವ್ಯತ್ಯಾಸ ಗಮನಿಸಿ. ಅವರು ಮಾಡುವುದು ಕುದುರೆಯ ಮತ್ತು ದ್ವೀಪದ ಲೆಕ್ಕ ಹಾಕಿ. ನಾನು ಮಾಡಿದ್ದು ನನ್ನ ಲೆಕ್ಕ ಹಾಕಿ. ಮೂಲ ಸಾಕುಪ್ರಾಣಿಯದೇ ಇರಲಿ, ಶತಮಾನಗಳ ಕಾಲ ತಾನೇ ಮೇವು ಹುಡುಕಿ, ತಾನೇ ಬಿರುಗಾಳಿ ತಡೆದು, ತಾನೇ ಮರಿ ಸಾಕಿದ ಪ್ರಾಣಿಗೆ ನನ್ನ ಸೇಬಿನ ಹಂಗು ಬೇಕಾಗಿಲ್ಲ.

ಹಾಗಾದರೆ ದೂರದಿಂದ ಪ್ರೀತಿಸಲು ಆಗುತ್ತದೆಯೇ? ಆಗುತ್ತದೆ. ಅದಕ್ಕೆ ಸಾಕ್ಷಿ ನಮ್ಮಂಥ ವಿದ್ಯಾರ್ಥಿಗಳೇ. ಕೆನಡಾದ ಪೂರ್ವಕ್ಕೆ, ಅಟ್ಲಾಂಟಿಕ್ ಮಧ್ಯೆ ಸೇಬಲ್ ಎಂಬ ಮರಳು ದ್ವೀಪವಿದೆ. ಅಲ್ಲೂ ನೂರಾರು ಕಾಡು ಕುದುರೆಗಳಿವೆ. 1950ರ ದಶಕದ ಕೊನೆಯಲ್ಲಿ ಸರ್ಕಾರ ಅವನ್ನೆಲ್ಲ ಹಿಡಿದು, ಸಾಗಿಸಿ, ಮಾರಿಬಿಡಲು ಹೊರಟಿತ್ತು. ಆಗ ಶಾಲಾ ಮಕ್ಕಳು ಪ್ರಧಾನಿ ಜಾನ್ ಡೀಫೆನ್‌ಬೇಕರ್ ಅವರಿಗೆ ಪತ್ರಗಳನ್ನು ಬರೆದರು. ಸರ್ಕಾರ ಯೋಜನೆ ಕೈಬಿಟ್ಟಿತು. 1960ರ ದಶಕದ ಆರಂಭದಲ್ಲಿ ಆ ಕುದುರೆಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು. 2013ರಲ್ಲಿ ದ್ವೀಪ ರಾಷ್ಟ್ರೀಯ ಉದ್ಯಾನದ ಸ್ಥಾನವನ್ನೂ ಪಡೆಯಿತು. ಇಂದಿಗೂ ಅನುಮತಿಯಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ. ಪತ್ರ ಬರೆದ ಮಕ್ಕಳಲ್ಲಿ ಹೆಚ್ಚಿನವರು ಆ ಕುದುರೆಗಳನ್ನು ಜೀವಮಾನದಲ್ಲಿ ನೋಡಿರಲಾರರು. ಮುಟ್ಟಲಿಲ್ಲ, ತಿನ್ನಿಸಲಿಲ್ಲ, ಫೋಟೊ ತೆಗೆಸಿಕೊಳ್ಳಲಿಲ್ಲ. ಕುದುರೆಗಳು ಉಳಿದದ್ದು ಮಾತ್ರ ಅವರಿಂದ.

ಇದನ್ನೆಲ್ಲ ನಮ್ಮ ಕಾಲೇಜಿನಲ್ಲಿ ಕೂತು ಯಾಕೆ ಬರೆಯಬೇಕು ಎಂದರೆ, ಮುಂದಿನ ತಿಂಗಳು ನಮ್ಮ ಪ್ರವಾಸದ ಬಸ್ಸು ಬಂಡೀಪುರದ ದಾರಿಯಲ್ಲಿ ಹೋಗುತ್ತದೆ. ರಸ್ತೆ ಬದಿಯಲ್ಲಿ ಜಿಂಕೆ ಇರುತ್ತದೆ, ಕೋತಿ ಇರುತ್ತದೆ. ಕಳೆದ ವರ್ಷದ ಪ್ರವಾಸದಲ್ಲಿ ಬಸ್ಸಿನ ಕಿಟಕಿಯಿಂದ ಚಿಪ್ಸ್ ಎಸೆದವರಲ್ಲಿ ನಾನೂ ಒಬ್ಬ. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗುವ ದಾರಿಯಲ್ಲಿ ಕಬ್ಬಿನ ಲಾರಿ ಅಡ್ಡಗಟ್ಟುವ ಆನೆಗಳ ವಿಡಿಯೊ ನಾವೆಲ್ಲ ನೋಡಿ ನಕ್ಕಿದ್ದೇವೆ, ಫಾರ್ವರ್ಡ್ ಮಾಡಿದ್ದೇವೆ. ಈಗ ಆ ವಿಡಿಯೊ ನೋಡಿದರೆ ನನಗೆ ಚಿಪ್ ನೆನಪಾಗುತ್ತದೆ. ರುಚಿ ಹತ್ತಿಸಿದವರು ನಾವು, ನಾಳೆ "ಪುಂಡಾನೆ" ಎಂಬ ಹೆಸರು ಹೊರುವುದು ಅದು.

ಹಾಗಾಗಿ ನನ್ನ ಮನವಿ ಸಣ್ಣದು. ಪ್ರವಾಸದ ದಿನ ಬಸ್ಸು ಕಾಡಿನ ಗೇಟು ದಾಟುವ ಮೊದಲು ತಿಂಡಿಯ ಚೀಲಗಳೆಲ್ಲ ಮೇಲಿನ ಕ್ಯಾರಿಯರಿಗೆ ಹೋಗಲಿ. ಯಾರಾದರೂ ಕಿಟಕಿಯಿಂದ ಕೈ ಹೊರಗೆ ಹಾಕಿದರೆ ಪಕ್ಕದವರೇ ಹೇಳಲಿ, ಲೆಕ್ಚರರ್ ಹೇಳುವವರೆಗೆ ಕಾಯುವುದು ಬೇಡ. ಫೋಟೊದಲ್ಲಿ ಜಿಂಕೆ ಚಿಕ್ಕದಾಗಿ ಬಂದರೆ ಬರಲಿ.

ಆ ದಿನ ಹರಿದ ಚೀಲ ಹಿಡಿದು ನಾವು ಮರಳ ಮೇಲೆ ಕೂತೆವು, ಈ ಸಲ ಒಂದೂವರೆ ಬಸ್ಸಿನಷ್ಟು ದೂರ. ಗಾಳಿ ಜೋರಾಗಿತ್ತು. ಆ ಎರಡು ಕುದುರೆಗಳು ನೀರಿನ ಅಂಚಿಗೆ ಹೋಗಿ ನಿಂತವು. ಜವುಗಿನ ನೊಣಗಳ ಕಾಟ ತಪ್ಪಿಸಿಕೊಳ್ಳಲು ಅವು ಗಾಳಿ ಬೀಸುವ ಬೀಚಿಗೆ ಬರುತ್ತವಂತೆ. ಒಂದರ ಬೆನ್ನ ಮೇಲೆ ಇನ್ನೊಂದು ತಲೆ ಇಟ್ಟು ಬಹಳ ಹೊತ್ತು ನಿಂತಿದ್ದವು. ನಮ್ಮ ಕಡೆ ಒಮ್ಮೆಯೂ ತಿರುಗಲಿಲ್ಲ. ತಮ್ಮ ಅಳು ನಿಲ್ಲಿಸಿ ನೋಡುತ್ತಿದ್ದ. ನಾನು ಫೋಟೊ ತೆಗೆದದ್ದು ಆಗ. ನೀವು ನೋಡಿ ನಕ್ಕಿದ್ದು ಅದನ್ನೇ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ